ನಾಕು ಮಂದಿ ಎಂದರೆ ಯಾರು?

ನಮ್ಮ ಕಡೆಯ ಮಾತಿನಲ್ಲಿ ‘ನಾಕು ಮಂದಿ’ ಎಂಬುವರಿದ್ದಾರೆ. ‘ನಾಕು ಮಂದಿ ಏನಂದಾರು’, ‘ನಾಕು ಮಂದ್ಯಾಗ ತಲಿ ತಗ್ಗಿಸೋದು ಬ್ಯಾಡ’, ‘ನಾಕು ಮಂದಿ ಮಾಡಿದಂಗ ನಾವೂ ಮಾಡಬೇಕು’ — ಈ ಮಾತುಗಳನ್ನು ಕೇಳದೆ ಬೆಳೆದವರು ನಮ್ಮ ಕಾಲೇಜಿನಲ್ಲಿ ಒಬ್ಬರೂ ಇರಲಾರರು. ಗದಗ-ಬೆಟಗೇರಿಯ ಓಣಿಯಿರಲಿ, ಲಕ್ಷ್ಮೇಶ್ವರದ ಪೇಟೆಯಿರಲಿ, ಶಿರಹಟ್ಟಿ-ಮುಂಡರಗಿ ಕಡೆಯ ಹಳ್ಳಿಯಿರಲಿ, ಮದುವೆಯ ಮಾತಾಗಲಿ ಮಗಳ ಓದಿನ ಮಾತಾಗಲಿ ಈ ನಾಲ್ವರ ಅಪ್ಪಣೆಯಿಲ್ಲದೆ ತೀರುವುದಿಲ್ಲ. ಇಷ್ಟೊಂದು ಅಧಿಕಾರವುಳ್ಳ ಈ ಮಹನೀಯರ ವಿಳಾಸ ಮಾತ್ರ ಯಾರಿಗೂ ಗೊತ್ತಿಲ್ಲ. ಯಾರನ್ನು ಕೇಳಿದರೂ ಆಚೆಯ ಮನೆಯ ಕಡೆಗೆ ಬೊಟ್ಟು ಮಾಡುತ್ತಾರೆ. ಆಚೆಯ ಮನೆಯವರನ್ನು ಕೇಳಿದರೆ ಅವರು ಈಚೆಯ ಮನೆಯನ್ನು ತೋರಿಸುತ್ತಾರೆ.

ರೂಢಿಯೆಂದರೆ ಕೆಟ್ಟದ್ದೆಂದು ನಾನು ಹೇಳಹೊರಟಿಲ್ಲ. ರೂಢಿಯಿಲ್ಲದೆ ಊರು ನಡೆಯದು. ಮುಯ್ಯಾಳಿನ ಪದ್ಧತಿಯನ್ನೇ ನೋಡಿರಿ. ಇಂದು ನಾನು ನಿಮ್ಮ ಹೊಲಕ್ಕೆ ಬಂದು ದುಡಿದರೆ ನಾಳೆ ನೀವು ನನ್ನ ಹೊಲಕ್ಕೆ ಬರುತ್ತೀರಿ. ಇದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ. ಬಾರದವನನ್ನು ಮಂದಿ ಆಡಿಕೊಳ್ಳುತ್ತಾರೆಂಬ ಅಂಜಿಕೆಯೊಂದೇ ಈ ವ್ಯವಹಾರಕ್ಕೆ ಜಾಮೀನು. ಅಂಥ ಅಂಜಿಕೆ ಇರತಕ್ಕದ್ದೇ. ನನ್ನ ತಕರಾರು ಬೇರೆಯದು. ಯಾರಿಗೂ ಬೇಡವಾದ ರೂಢಿಗಳೂ ನಮ್ಮಲ್ಲಿ ಸುಖವಾಗಿ ಬಾಳುತ್ತಿವೆ. ಯಾಕೆಂದರೆ, ಅದು ತನಗೊಬ್ಬನಿಗೇ ಬೇಡ, ಉಳಿದವರಿಗೆಲ್ಲ ಬೇಕು ಎಂದು ಪ್ರತಿಯೊಬ್ಬನೂ ತಿಳಿದಿದ್ದಾನೆ. ಹಾಗೆ ತಿಳಿದು ಅವನು ಸುಮ್ಮನಿರುತ್ತಾನೆ. ಅವನ ಸುಮ್ಮನಿರುವಿಕೆಯನ್ನು ಕಂಡು ಪಕ್ಕದವನು, ‘ನೋಡು, ಇವನಿಗೂ ಇದು ಒಪ್ಪಿಗೆ’ ಎಂದುಕೊಳ್ಳುತ್ತಾನೆ.

ಮೊದಲು ಒಂದು ಸಣ್ಣ ಉದಾಹರಣೆಯನ್ನು ಎತ್ತಿಕೊಳ್ಳುತ್ತೇನೆ. ನಮ್ಮ ಮದುವೆಗಳಲ್ಲಿ ಆಯೇರ ಮಾಡುವ ಪದ್ಧತಿ ವಾಚಕರೆಲ್ಲರಿಗೂ ತಿಳಿದದ್ದೇ. ಹೆಂಗಸರಿಗೆ ಸೀರೆ, ಕುಪ್ಪಸದ ಖಣ. ಗಂಡಸರಿಗೆ ಪ್ಯಾಂಟು-ಶರ್ಟಿನ ಬಟ್ಟೆ, ಟಾವೆಲು, ಟೊಪ್ಪಿಗೆ. ಅರಿವೆ ಅಂಗಡಿಗೆ ಹೋಗಿ ‘ಆಯೇರದ ಸೀರಿ ತೋರಿಸ್ರಿ’ ಎಂದರೆ ಸಾಕು, ಅಂಗಡಿಯವನು ಬೇರೆಯದೇ ಗಂಟನ್ನು ಬಿಚ್ಚುತ್ತಾನೆ. ಉಡುವ ಸೀರೆ ಬೇರೆ, ಕೊಡುವ ಸೀರೆ ಬೇರೆ ಎಂಬುದು ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು, ಇಸಿದುಕೊಳ್ಳುವವನಿಗೂ ಗೊತ್ತು. ನೇಕಾರರ ಊರಾದ ಬೆಟಗೇರಿಯ ನೆರೆಯಲ್ಲಿಯೇ ಇದ್ದು ನಾವು ಬಟ್ಟೆಗೆ ಈ ಗತಿ ತಂದದ್ದು ಒಂದು ಸೋಜಿಗ! ಆಯೇರದ ಬಟ್ಟೆಯನ್ನು ಹೊಲಿಸಿ ತೊಟ್ಟವರನ್ನು ನಾನು ಬಹಳ ಕಡಿಮೆ ಕಂಡಿದ್ದೇನೆ. ಅದು ಟ್ರಂಕಿನಲ್ಲಿ ಕುಳಿತು ಮುಂದಿನ ಲಗ್ನದ ಹಾದಿ ಕಾಯುತ್ತದೆ. ನಮ್ಮ ಸೋದರತ್ತೆಯೊಬ್ಬರು ಕುತೂಹಲಕ್ಕೆಂದು ಒಂದು ಖಣದ ಮೂಲೆಗೆ ಕೆಂಪು ದಾರದಿಂದ ಎರಡು ಹೊಲಿಗೆ ಹಾಕಿ ಮುಂಡರಗಿಯ ಬೀಗರಿಗೆ ಕೊಟ್ಟಿದ್ದರು. ಮೂರು ವರ್ಷಗಳ ಮೇಲೆ ಲಕ್ಷ್ಮೇಶ್ವರದ ಒಂದು ಲಗ್ನದಲ್ಲಿ ಅದೇ ಖಣ ಅರಿಷಿಣ-ಕುಂಕುಮದೊಡನೆ ಅವರ ಉಡಿಗೇ ಬಂದು ಬಿದ್ದಿತು. ಅತ್ತೆ ನಕ್ಕರು, ಮುಂದಿನ ಶ್ರಾವಣದಲ್ಲಿ ಅದನ್ನು ಮತ್ತೊಬ್ಬರಿಗೆ ದಾಟಿಸಿದರು.

ಇದನ್ನು ನಿಲ್ಲಿಸಬಾರದೆ ಎಂದು ಅತ್ತೆಯನ್ನು ಕೇಳಿದೆ. “ನನಗೇನು ಬೇಕಾಗೈತಿ? ನಾ ಬಿಟ್ಟರ ಬೀಗರು ಮಾರಿ ಕೆಡಿಸ್ಯಾರು” ಎಂದರು. ಆ ಬೀಗರೂ ತಮ್ಮ ಮನೆಯಲ್ಲಿ ಇದೇ ಮಾತನ್ನು ಆಡುತ್ತಿರಬೇಕೆಂದು ನನ್ನ ಬಲವಾದ ಸಂಶಯ. ಈಚೆಗೆ ಕೆಲವರು ಲಗ್ನಪತ್ರಿಕೆಯ ಕೆಳಗೆ ಆಯೇರ ತರಬಾರದೆಂದು ಅಚ್ಚು ಹಾಕಿಸುತ್ತಾರೆ. ಅದನ್ನು ಓದಿದವರು ಮಾಡುವುದೇನು? ‘ಹಾಂಗ ಬರಸೋದು ರೀತಿ, ಒಯ್ಯೋದು ನಮ್ಮ ರೀತಿ’ ಎಂದು ಗಂಟು ಕಟ್ಟಿಕೊಂಡೇ ಹೊರಡುತ್ತಾರೆ. ಬೇಡವೆಂದು ಬರೆದರೂ ನಂಬುವವರಿಲ್ಲ; ಬೇಡವೆನ್ನುವುದನ್ನು ಮರ್ಯಾದೆಯ ಮಾತೆಂದೇ ತಿಳಿಯುತ್ತಾರೆ. ಇಲ್ಲಿ ಹೋಗುವುದು ಕೆಲವು ಸಾವಿರ ರೂಪಾಯಿ, ಒಂದಿಷ್ಟು ಟ್ರಂಕಿನ ಜಾಗ. ನಕ್ಕು ಬಿಡಬಹುದು.

ನಕ್ಕು ಬಿಡಲಾಗದ ಸಂಗತಿಗೆ ಬರುತ್ತೇನೆ. ಲಕ್ಷ್ಮೇಶ್ವರದ ಕಡೆಯ ಹಳ್ಳಿಯಿಂದ ಬರುತ್ತಿದ್ದ ನನ್ನ ಗೆಳೆಯನೊಬ್ಬನು ಬಿ.ಎ. ಎರಡನೆಯ ವರ್ಷದಲ್ಲಿ ಕಾಲೇಜು ಬಿಟ್ಟನು. ಅವನ ಅಕ್ಕನ ಲಗ್ನವಾಗಿತ್ತು. ಎರಡು ಎಕರೆ ಎರಿಹೊಲ ಕೈ ಬಿಟ್ಟಿತು. ಮೇಲೆ ಕೈಗಡವೂ ಆಯಿತು. ಈಗ ಅವನು ಹುಬ್ಬಳ್ಳಿಯ ಗೋದಾಮೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಅವನು ನಮ್ಮ ವರ್ಗದಲ್ಲಿ ಇತಿಹಾಸವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನಾಗಿದ್ದನು. ಆ ಮಾತು ಒತ್ತಟ್ಟಿಗಿರಲಿ. ಲಗ್ನದ ಮಾತುಕತೆಯ ದಿನ ನಾನೂ ಅವರ ಪಡಸಾಲೆಯಲ್ಲಿ ಇದ್ದೆನು. ಹುಂಡಾ ಎಂಬ ಶಬ್ದವನ್ನು ಯಾರೂ ಬಾಯಲ್ಲಿ ತರಲಿಲ್ಲ, ‘ವರೋಪಚಾರ’ ಎಂದರು. ಶಬ್ದ ಸಂಸ್ಕೃತವಾದರೆ ಪಾಪ ಕಡಿಮೆಯಾಗುತ್ತದೆಂದು ನಮ್ಮವರ ನಂಬಿಕೆಯಿರಬೇಕು. ಮಾತು ಮುಗಿದ ಮೇಲೆ ವರನ ತಂದೆ ಅಂಗಳದಲ್ಲಿ ಎಲೆ-ಅಡಿಕೆ ಹಾಕಿಕೊಳ್ಳುತ್ತ ನನ್ನ ಸಂಗಡ ಮಾತಿಗೆ ನಿಂತರು.

“ತಮ್ಮಾ, ನನಗ ಈ ರೊಕ್ಕ ಬೇಕಂತಲ್ಲ. ಒಂದು ರೂಪಾಯಿ ಬ್ಯಾಡ ಅಂದರ ಮಂದಿ ಏನು ತಿಳೀತಾರ? ಹುಡುಗನದು ಏನೋ ಕಡಿಮಿ ಐತಿ, ಅದಕ್ಕ ಹಿಂಗ ಪುಕ್ಕಟೆ ಒಪ್ಪಿಕೊಂಡ್ರು ಅಂತಾರ.”

ಅದೇ ಸಂಜೆ ಗೆಳೆಯನ ತಂದೆ ಹೇಳಿದ್ದೂ ನನ್ನ ಕಿವಿಯಲ್ಲಿದೆ. “ಕೊಡದ ಲಗ್ನ ಮಾಡಿದರ, ಹುಡುಗಿ ಮನ್ಯಾಗ ಭಾರ ಆಗಿತ್ತು, ಸಾಗಿ ಹಾಕಿದರು ಅಂತಾರೋ ಯಪ್ಪಾ.”

ಇಸಿದುಕೊಂಡವರಿಗೂ ಬೇಡ, ಕೊಟ್ಟವರಿಗೂ ಬೇಡ. ಎರಡು ಎಕರೆ ಹೊಲ ಹೋದದ್ದಂತೂ ನಿಜ. ವರದಕ್ಷಿಣೆ ನಿಷೇಧದ ಕಾಯದೆ 1961ರಲ್ಲಿಯೇ ಬಂದಿದೆ. ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಅಂದಮೇಲೆ ಅರವತ್ತು ವರ್ಷಗಳಿಗೂ ಮೇಲ್ಪಟ್ಟು ಈ ರೂಢಿಯನ್ನು ಕಾಪಾಡಿಕೊಂಡು ಬಂದ ಶಕ್ತಿ ಕಾಯದೆಗಿಂತ ದೊಡ್ಡದೆಂದು ಒಪ್ಪಬೇಕಾಗುತ್ತದೆ. ಆ ಶಕ್ತಿಯ ಒಂದು ಪಾಲು ದುರಾಸೆ. ಇದನ್ನು ಮುಚ್ಚಿಟ್ಟು ಮಾತಾಡುವುದು ಅಪ್ರಾಮಾಣಿಕವಾದೀತು. ರೊಕ್ಕವೇ ಬೇಕೆಂದು ಕೇಳುವವರು, ಅದಕ್ಕಾಗಿ ಸೊಸೆಯನ್ನು ಕಾಡುವವರು ಇದ್ದೇ ಇದ್ದಾರೆ. ಅವರ ಮಾತನ್ನು ನಾನಿಲ್ಲಿ ಎತ್ತಿಕೊಂಡಿಲ್ಲ. ಅವರಿಗೆ ಕಾಯದೆಯೇ ತಕ್ಕ ಗುರು. ಆದರೆ ದುರಾಸೆಯವರ ಸಂಖ್ಯೆ ನಾವು ತಿಳಿದಷ್ಟು ದೊಡ್ಡದಲ್ಲವೆಂದು ನನ್ನ ಮತ. ಅವರ ಬೆನ್ನ ಹಿಂದೆ, ಬೇಡವೆನ್ನುವ ಧೈರ್ಯವಿಲ್ಲದವರ ದೊಡ್ಡ ಸಾಲೇ ನಿಂತಿದೆ. ದೂರದಿಂದ ನೋಡುವವನ ಕಣ್ಣಿಗೆ ಎಲ್ಲರೂ ಒಂದೇ ಗುಂಪಾಗಿ ಕಾಣಿಸುತ್ತಾರೆ.

ಇನ್ನೊಂದು ಸಂಗತಿಯನ್ನು ಹೇಳಿದರೆ ಈ ಗುಂಪಿನ ಗುಟ್ಟು ಇನ್ನೂ ಬಯಲಾದೀತು. ಶಿರಹಟ್ಟಿಯ ಕಡೆಯ ನನ್ನ ಸಹಾಧ್ಯಾಯಿಯೊಬ್ಬನಿಗೆ ಊರಲ್ಲಿ ಖೋಲಿ ಬೇಕಾಗಿತ್ತು. ಅವನ ಸಂಗಡ ನಾನೂ ತಿರುಗಿದೆನು. ಒಂದೇ ಓಣಿಯಲ್ಲಿ ಮೂರು ಮನೆಗಳಲ್ಲಿ ಬಾಡಿಗೆಯ ಖೋಲಿ ತೆರವಿದ್ದುವು. ಮೊದಲನೆಯ ಮನೆಯ ಯಜಮಾನರು ಚಹ ಕೊಟ್ಟರು, ಊರು ಕೇಳಿದರು, ಮನೆತನ ಕೇಳಿದರು. ಮನೆತನ ಕೇಳುವುದೆಂದರೆ ಏನು ಕೇಳುವುದೆಂದು ನಿಮಗೆ ಗೊತ್ತು. ಉತ್ತರ ಕೇಳಿದ ಮೇಲೆ ದನಿ ತಗ್ಗಿಸಿ, “ನಮ್ಮದೇನೂ ಇಲ್ರೀ, ನಾವು ಅದನ್ನೆಲ್ಲ ಮಾಡೋದುಲ್ಲ. ಓಣಿ ಮಂದಿ ಸರಿ ಇಲ್ಲ” ಎಂದರು. ಎರಡನೆಯ ಮನೆಯ ತಾಯಿ, “ನನ್ನ ಮಗನಂಥಾವ ನೀನು. ಖರೆ ಆಜೂಬಾಜೂದವರು ಸುಮ್ಮನಿರಂಗಿಲ್ಲವಾ” ಎಂದರು. ಮೂರನೆಯ ಮನೆಯವರು ನಿವೃತ್ತ ಮಾಸ್ತರರು. ಸಮಾನತೆಯ ಮೇಲೆ ಬಹು ಹೊತ್ತು ಮಾತಾಡಿದರು. ಕೊನೆಗೆ ಅವರೂ ಕಿಡಕಿಯಿಂದ ಹೊರಗೆ ಕೈ ತೋರಿಸಿ, “ಈ ಓಣಿ ಇನ್ನೂ ಸುಧಾರಿಸಿಲ್ಲಪ್ಪಾ” ಎಂದು ನಿಟ್ಟುಸಿರು ಬಿಟ್ಟರು. ಅವರ ಕೈ ತೋರಿಸಿದ ದಿಕ್ಕಿನಲ್ಲಿದ್ದದ್ದು ಮೊದಲನೆಯ ಎರಡು ಮನೆಗಳೇ!

ಅವರಲ್ಲಿ ಯಾರು ಖರೆ ಹೇಳಿದರು, ಯಾರು ನೆವ ಹೇಳಿದರು ಎಂಬುದನ್ನು ಅಳೆಯುವ ತಕ್ಕಡಿ ನನ್ನಲ್ಲಿಲ್ಲ. ಮೂವರೂ ನೆವ ಹೇಳಿದ್ದರೂ ಒಂದು ಮಾತಂತೂ ಉಳಿಯುತ್ತದೆ. ಈ ಮಾತನ್ನು ತನ್ನದೆಂದು ಹೇಳಿಕೊಳ್ಳಲು ಆ ಓಣಿಯಲ್ಲಿ ಒಬ್ಬರೂ ಸಿದ್ಧರಿರಲಿಲ್ಲ. ಯಾರೂ ತನ್ನದೆನ್ನದ ಮಾತು ಒಬ್ಬ ಹುಡುಗನನ್ನು ಓಣಿಯಿಂದ ಹೊರಗೆ ಕಳಿಸಿತು. ಅವನು ಇಂದಿಗೂ ಮುಂಜಾನೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ತಿರುಗಿ ಹೋಗುತ್ತಾನೆ. ನಾಲ್ಕು ಗಂಟೆಯ ಮೇಲಿನ ಗ್ರಂಥಾಲಯ ಅವನ ಪಾಲಿಗಿಲ್ಲ.

ನಮ್ಮ ವರ್ಗದ ಒಳಗೂ ಇದೇ ಆಟ ದಿನಾಲು ನಡೆಯುತ್ತದೆ. ಗುರುಗಳು ಪಾಠ ಮುಗಿಸಿ, “ಯಾರಿಗಾದರೂ ಸಂಶಯವಿದೆಯೆ?” ಎಂದು ಕೇಳುತ್ತಾರೆ. ಕೈಗಳು ಏಳುವುದಿಲ್ಲ. ನನಗೆ ತಿಳಿದಿಲ್ಲವೆಂದು ನನಗೆ ಗೊತ್ತು. ನಿಮಗೆ ತಿಳಿದಿದೆಯೆಂದು ನಿಮ್ಮ ಶಾಂತ ಮುಖ ಹೇಳುತ್ತಿದೆ. ನನ್ನ ಮುಖವೂ ಅಷ್ಟೇ ಶಾಂತವಾಗಿದ್ದು ನಿಮಗೆ ಅದನ್ನೇ ಹೇಳುತ್ತಿದೆಯೆಂಬ ಪರಿವೆ ನನಗಿಲ್ಲ. ಗುರುಗಳು ಸಂತೋಷದಿಂದ ಮುಂದಿನ ಪಾಠಕ್ಕೆ ಹೋಗುತ್ತಾರೆ. ಅವರ ತಪ್ಪೇನೂ ಇಲ್ಲ. ಅರವತ್ತು ಶಾಂತ ಮುಖಗಳನ್ನು ಕಂಡು ಅವರು ಮತ್ತೇನು ತಿಳಿಯಬೇಕು?

ಮನಃಶಾಸ್ತ್ರಜ್ಞರು ಇದನ್ನು ಬಹಳ ದಿನಗಳಿಂದ ಪರೀಕ್ಷಿಸುತ್ತ ಬಂದಿದ್ದಾರೆ. 1951ರಲ್ಲಿ ಅಮೇರಿಕೆಯ ಸೊಲೊಮನ್ ಆಶ್ ಎಂಬುವರು ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದುದು. ಕೆಲವು ಗೆರೆಗಳನ್ನು ತೋರಿಸಿ, ಯಾವುದು ಯಾವುದಕ್ಕೆ ಸಮವೆಂದು ಕೇಳುವುದು. ಚಿಕ್ಕ ಮಗುವೂ ಹೇಳಬಹುದಾದ ಉತ್ತರ. ಆದರೆ ಒಬ್ಬ ವಿದ್ಯಾರ್ಥಿಯ ಹೊರತು ಕೋಣೆಯಲ್ಲಿದ್ದವರೆಲ್ಲ ಮೊದಲೇ ಗೊತ್ತುಮಾಡಿಕೊಂಡು ತಪ್ಪು ಉತ್ತರ ಹೇಳುವವರು. ಅವರ ಮಾತು ಕೇಳಿದ ಮೇಲೆ ಆ ಒಬ್ಬನ ಸರದಿ. ಇಂಥ ಸರದಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಸಲ, ತನ್ನ ಕಣ್ಣಿಗೆ ಕಾಣುವುದನ್ನು ಬಿಟ್ಟು ಅವನು ಗುಂಪಿನ ಉತ್ತರವನ್ನೇ ಹೇಳಿದನು. ಇಷ್ಟನ್ನು ಪುಸ್ತಕಗಳೆಲ್ಲ ಹೇಳುತ್ತವೆ. ಅದೇ ಪ್ರಯೋಗದ ಇನ್ನೊಂದು ಭಾಗ ನನಗೆ ಹೆಚ್ಚು ಹಿಡಿಸಿತು. ಗುಂಪಿನಲ್ಲಿ ಒಬ್ಬನೇ ಒಬ್ಬನು ಖರೆ ಉತ್ತರ ಹೇಳುವಂತೆ ಏರ್ಪಡಿಸಿದಾಗ ಗುಂಪಿಗೆ ಶರಣಾಗುವುದು ತೀರ ಕಡಿಮೆಯಾಯಿತು. ಮಂದಿಯೆಲ್ಲ ತಿರುಗಬೇಕಾಗಿಲ್ಲ, ಒಂದು ಬಾಯಿ ಸಾಕಾಯಿತು.

ಗೆರೆಯ ಮಾತು ಪ್ರಯೋಗಶಾಲೆಯದೆಂದು ಯಾರಾದರೂ ಅನ್ನಬಹುದು. ಸಂಸಾರಕ್ಕೆ ಹತ್ತಿರವಾದ ಇನ್ನೊಂದು ಪರೀಕ್ಷೆ ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ನಡೆದು 2020ರಲ್ಲಿ ಪ್ರಕಟವಾಯಿತು. ಲಗ್ನವಾದ ಸುಮಾರು 500 ಮಂದಿ ತರುಣರನ್ನು ಕೂಡಿಸಿ ಗುಟ್ಟಾಗಿ ಎರಡು ಪ್ರಶ್ನೆ ಕೇಳಿದರು. ಹೆಂಗಸರು ಮನೆಯ ಹೊರಗೆ ದುಡಿಯುವುದು ನಿಮಗೆ ಸಮ್ಮತವೆ? ಈ ಕೋಣೆಯಲ್ಲಿ ಎಷ್ಟು ಜನರಿಗೆ ಸಮ್ಮತವಿದ್ದೀತು? ಬಹುಪಾಲು ಜನ ತಮಗೆ ಸಮ್ಮತವೆಂದರು. ಉಳಿದವರಿಗೆ ಅಷ್ಟು ಸಮ್ಮತವಿರಲಿಕ್ಕಿಲ್ಲವೆಂದೂ ಅವರೇ ಹೇಳಿದರು. ಆಮೇಲೆ ಅರ್ಧ ಜನರಿಗೆ ನಿಜವಾದ ಲೆಕ್ಕವನ್ನು ತಿಳಿಸಿ, ಹೆಂಡತಿಯ ಹೆಸರನ್ನು ಉದ್ಯೋಗದ ಯಾದಿಗೆ ಸೇರಿಸುತ್ತೀರಾ ಎಂದು ಎಲ್ಲರನ್ನೂ ಕೇಳಿದರು. ಲೆಕ್ಕ ತಿಳಿಯದವರಲ್ಲಿ ನೂರಕ್ಕೆ 23 ಜನ ಸೇರಿಸಿದರೆ ತಿಳಿದವರಲ್ಲಿ ನೂರಕ್ಕೆ 32 ಜನ ಸೇರಿಸಿದರು. ಉಪದೇಶವಿಲ್ಲ, ಭಾಷಣವಿಲ್ಲ, ದಂಡವಿಲ್ಲ. ‘ನಿಮ್ಮ ಪಕ್ಕದವನ ಮನಸ್ಸೂ ನಿಮ್ಮಂತೆಯೇ ಇದೆ’ ಎಂಬ ಸುದ್ದಿಯಷ್ಟೇ ಇಷ್ಟು ಕೆಲಸ ಮಾಡಿತು.

ರಿಯಾದಿನವರೆಗೆ ಹೋಗಬೇಕಾಗಿಯೂ ಇಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರಿ ಪತ್ತಿನ ಸಂಘದ ಹೆಸರನ್ನು ನಾವೆಲ್ಲ ಅಭಿಮಾನದಿಂದ ಹೇಳುತ್ತೇವೆ. ಏಷ್ಯಾ ಖಂಡಕ್ಕೇ ಮೊದಲನೆಯ ಕೃಷಿ ಪತ್ತಿನ ಸಂಘವೆಂಬ ಕೀರ್ತಿ ಅದಕ್ಕಿದೆ. ಸಭೆಗಳಲ್ಲಿ ಅಷ್ಟು ಹೇಳಿ ಚಪ್ಪಾಳೆ ತಟ್ಟಿ ಮುಂದೆ ಹೋಗುತ್ತೇವೆ. ಆ ಸಂಘದ ಕಟ್ಟುಪಾಡಿನ ಕಡೆಗೆ ಲಕ್ಷ್ಯ ಕೊಟ್ಟವರು ಕಡಿಮೆ. 1904ರ ಸಹಕಾರಿ ಕಾಯದೆಯ ಪ್ರಕಾರ ಹಳ್ಳಿಯ ಸಂಘಗಳ ಹೊಣೆ ಮಿತಿಯಿಲ್ಲದ್ದು. ಅಂದರೆ ಒಬ್ಬ ಸದಸ್ಯನು ಸಾಲ ಮುಳುಗಿಸಿದರೆ ಉಳಿದವರ ಹೊಲ-ಮನೆಗೂ ಅದರ ಬಿಸಿ ತಟ್ಟಬಹುದು. ಇಂಥ ಸಂಘಕ್ಕೆ ಹೆಸರು ಹಚ್ಚುವ ರೈತನು ಮನಸ್ಸಿನಲ್ಲಿ ಕೇಳಿಕೊಳ್ಳುವ ಪ್ರಶ್ನೆ ಒಂದೇ: ‘ನಾನು ತಿರುಗಿ ಕೊಡುವವನು ಖರೆ, ಊರ ಮಂದಿ ಕೊಟ್ಟಾರೇನು?’ ಊರವರೆಲ್ಲ ಕೊಡದವರೆಂದು ಪ್ರತಿಯೊಬ್ಬನೂ ತಿಳಿದಿದ್ದರೆ, ಎಲ್ಲರೂ ಪ್ರಾಮಾಣಿಕರೇ ಆಗಿದ್ದರೂ ಸಂಘ ಹುಟ್ಟುತ್ತಿರಲಿಲ್ಲ. ಒಂದೇ ಊರಿನ, ಒಬ್ಬರನ್ನೊಬ್ಬರು ಬಲ್ಲ ಜನ ಕೂಡಿಯೇ ಸಂಘ ಕಟ್ಟಬೇಕೆಂಬ ನಿಯಮದ ಮರ್ಮ ಇದೇ. ಸಾಲ ಯಾರಿಗೆ ಹೋಯಿತು, ಯಾರು ತೀರಿಸಿದರು ಎಂಬುದು ಸದಸ್ಯರ ಕಣ್ಣ ಮುಂದೆ ಇರುತ್ತದೆ. ನೆರೆಯವನ ಪ್ರಾಮಾಣಿಕತೆ ಊಹೆಯ ವಸ್ತುವಾಗಿ ಉಳಿಯದೆ ಪುಸ್ತಕದಲ್ಲಿ ಕಾಣುವ ವಸ್ತುವಾಗುತ್ತದೆ.

ಮನದ ಮಾತು ಕಣ್ಣಿಗೆ ಕಾಣುವಂತಾಗಬೇಕು ಎಂಬುದೇ ನನ್ನ ಅಭಿಪ್ರಾಯದ ತಿರುಳು. ಮುಂಡರಗಿ ತಾಲೂಕಿನ ಡಂಬಳದ ರೊಟ್ಟಿ ಜಾತ್ರೆಯನ್ನು ನೋಡಿದವರಿಗೆ ಇದು ಬೇಗ ತಿಳಿದೀತು. ತೋಂಟದಾರ್ಯ ಮಠದ ಜಾತ್ರೆಯಲ್ಲಿ ತೇರು ಎಳೆದ ಮರುದಿನ ರೊಟ್ಟಿಯ ಜಾತ್ರೆ. ಊರಿನ ಎಲ್ಲ ಜಾತಿಗಳವರ ಮನೆಗಳಿಂದ ಜೋಳದ ರೊಟ್ಟಿ ಬರುತ್ತವೆ. ಕರಿಂಡಿ, ಬಜ್ಜಿಗಳೊಡನೆ ಎಲ್ಲರೂ ಕೂಡಿಯೇ ಉಣ್ಣುತ್ತಾರೆ. ಬುಟ್ಟಿಯೊಳಗೆ ಒಮ್ಮೆ ಕೂಡಿದ ಮೇಲೆ ಯಾವ ರೊಟ್ಟಿ ಯಾರ ಮನೆಯದೆಂದು ಬ್ರಹ್ಮನೂ ಹೇಳಲಾರ. 1974ರಿಂದ 2018ರವರೆಗೆ ಆ ಪೀಠದಲ್ಲಿದ್ದ ತೋಂಟದ ಸಿದ್ಧಲಿಂಗ ಸ್ವಾಮಿಗಳು ಸೌಹಾರ್ದದ ಮೇಲೆ ಎಷ್ಟೋ ಭಾಷಣ ಮಾಡಿದ್ದಾರೆ. ಅವರ ಭಾಷಣಗಳಿಗಿಂತ ಈ ರೊಟ್ಟಿಯ ಪಂಕ್ತಿ ಹೆಚ್ಚು ಕೆಲಸ ಮಾಡಿರಬೇಕೆಂದು ನನಗೆ ಅನ್ನಿಸುತ್ತದೆ. ಭಾಷಣ ಕೇಳುವಾಗ ಪಕ್ಕದವನ ಮನಸ್ಸು ತಿಳಿಯುವುದಿಲ್ಲ. ಪಂಕ್ತಿಯಲ್ಲಿ ಅವನ ಕೈ ರೊಟ್ಟಿ ಮುರಿಯುವುದನ್ನು ನಾನು ಕಾಣುತ್ತೇನೆ, ನನ್ನದನ್ನು ಅವನು ಕಾಣುತ್ತಾನೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದುಗಳೂ ಮುಸಲ್ಮಾನರೂ ನಡೆದುಕೊಳ್ಳುವುದೂ ಇದೇ ಬಗೆಯದು.

ಆದರೆ ಜಾತ್ರೆ ಮುಗಿದ ಮರುದಿನ ಏನು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಪಂಕ್ತಿಯಲ್ಲಿ ಕೂಡಿ ಉಂಡವನು ಮನೆಯ ಖೋಲಿಯನ್ನು ಬಾಡಿಗೆಗೆ ಕೊಡಲು ಹಿಂದೆಮುಂದೆ ನೋಡಬಹುದು. ಜಾತ್ರೆಯಲ್ಲಿ ಹೀಗಿರುವುದೇ ರೂಢಿ, ಓಣಿಯಲ್ಲಿ ಹಾಗಿರುವುದೇ ರೂಢಿ ಎಂದು ಎರಡು ಪೆಟ್ಟಿಗೆ ಮಾಡಿಕೊಂಡು ಬದುಕುವ ಜಾಣತನ ನಮ್ಮಲ್ಲಿ ಬೇಕಾದಷ್ಟಿದೆ. ಒಂದು ದಿನದ ರೊಟ್ಟಿಯಿಂದ ವರ್ಷದ ಓಣಿ ಬದಲಾಗುತ್ತದೆಂದು ನಾನು ಹೇಳುವುದಿಲ್ಲ. ಬದಲಾಗಲಿಕ್ಕೆ ಬೇಕಾದ ಸುದ್ದಿ ಆ ಒಂದು ದಿನ ಊರಿಗೆಲ್ಲ ತಲುಪುತ್ತದೆ, ಅಷ್ಟೇ.

ಇಲ್ಲಿ ಸುಧಾರಕರ ಮೇಲೂ ಒಂದು ತಕರಾರು ಹೇಳಬೇಕಾಗಿದೆ. ನಮ್ಮ ಭಾಷಣಸ್ಪರ್ಧೆಗಳಲ್ಲಿ, ಬೀದಿನಾಟಕಗಳಲ್ಲಿ, ಈ ಸಂಚಿಕೆಗೆ ಬರುವ ಲೇಖನಗಳಲ್ಲಿಯೂ ಮೊದಲ ವಾಕ್ಯ ಒಂದೇ ತೆರನಾಗಿರುತ್ತದೆ: ‘ಇಂದು ಎಲ್ಲೆಲ್ಲಿಯೂ ವರದಕ್ಷಿಣೆಯ ಪಿಡುಗು ತಾಂಡವವಾಡುತ್ತಿದೆ.’ ಹೀಗೆ ಹೇಳಿದ ಮಿತ್ರರ ಉದ್ದೇಶ ಒಳ್ಳೆಯದು. ಆದರೆ ಕೇಳುವವನು ಅದರಿಂದ ಏನು ಕಲಿತನು? ಎಲ್ಲರೂ ತೆಗೆದುಕೊಳ್ಳುತ್ತಾರೆಂದು ಕಲಿತನು. ಅಮೇರಿಕೆಯ ಅರಿಝೋನಾದಲ್ಲಿ ಕಲ್ಲಾದ ಮರಗಳ ಒಂದು ರಾಷ್ಟ್ರೀಯ ಉದ್ಯಾನವಿದೆ. ಬಂದವರು ಚೂರುಗಳನ್ನು ಕದ್ದೊಯ್ಯುತ್ತಾರೆ. ಹಿಂದೆ ಬಂದವರು ಬಹಳ ಜನ ಒಯ್ದಿದ್ದಾರೆಂದು ಮರುಗುವ ಫಲಕ ಹಾಕಿದ ಕಡೆ ಕಳವು ಹೆಚ್ಚಾಯಿತೆಂದೂ, ಒಯ್ಯಬೇಡಿರೆಂದು ಬರಿದೇ ಕೇಳಿಕೊಂಡ ಕಡೆ ಅದಕ್ಕಿಂತ ಬಹಳ ಕಡಿಮೆಯಿತ್ತೆಂದೂ ಅಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಮಾತೂ ಹೀಗೆಯೇ. ‘ಎಲ್ಲಾರೂ ಹೊಡೀತಾರಲೇ’ ಎಂಬ ಮಾತು ವರಾಂಡದಲ್ಲಿ ತಿರುಗಾಡಿದಷ್ಟೂ, ಓದಿಕೊಂಡು ಬಂದ ಹುಡುಗನು ತಾನೇ ಮೂರ್ಖನೆಂದು ತಿಳಿಯತೊಡಗುತ್ತಾನೆ. ಓದಿ ಬರೆದವರು ತಾವು ಓದಿ ಬರೆದೆವೆಂದು ಸಾರಿಕೊಂಡು ತಿರುಗುವುದಿಲ್ಲ. ಕಾಪಿಯ ಸಾಹಸ ಮಾತ್ರ ಕ್ಯಾಂಟೀನಿನಲ್ಲಿ ಕತೆಯಾಗುತ್ತದೆ. ಈಗ ಕೈಯಲ್ಲಿಯ ಫೋನೂ ಇದಕ್ಕೆ ಸೇರಿಕೊಂಡಿದೆ. ಹತ್ತು ಲಕ್ಷದ ಲಗ್ನದ ಚಿತ್ರಗಳು ವಾಟ್ಸಾಪಿನಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತವೆ. ಗುಡಿಯಲ್ಲಿ ಹೂವಿನ ಹಾರ ಹಾಕಿಸಿ, ಐವತ್ತು ಮಂದಿಗೆ ಗೋಧಿ ಹುಗ್ಗಿ ಉಣ್ಣಿಸಿ ಮುಗಿಸಿದ ಲಗ್ನಕ್ಕೆ ಚಿತ್ರವೆಲ್ಲಿ?

ಸಾಮೂಹಿಕ ವಿವಾಹಗಳ ವಿಷಯದಲ್ಲಿಯೂ ಒಂದು ಮಾತು. ನಮ್ಮ ಕಡೆಯ ಮಠಗಳಲ್ಲಿ, ಜಾತ್ರೆಗಳಲ್ಲಿ ಅವು ನಡೆಯುತ್ತಲೇ ಇವೆ. ಇದು ಒಳ್ಳೆಯ ಏರ್ಪಾಡೆಂದು ಹೊಗಳದವರಿಲ್ಲ. ಹೊಗಳಿದವರು ತಮ್ಮ ಮಕ್ಕಳನ್ನು ಆ ಮಂಟಪದಲ್ಲಿ ಕೂಡ್ರಿಸುವುದು ಮಾತ್ರ ಅಪರೂಪ. ಅದು ಇಲ್ಲದವರ ಲಗ್ನವೆಂಬ ಹೆಸರು ಬಿದ್ದಿದೆ. ಆ ಹೆಸರು ಹೋಗಬೇಕಾದರೆ ಇದ್ದವರು ನಾಲ್ಕು ಜನ ಅಲ್ಲಿ ಅಕ್ಷತೆ ಹಾಕಿಸಿಕೊಳ್ಳಬೇಕು. ವೇದಿಕೆಯ ಮೇಲೆ ಕುಳಿತು ಆಶೀರ್ವದಿಸುವ ಗಣ್ಯರು ತಮ್ಮ ಮಗನನ್ನು ಒಮ್ಮೆ ಕೆಳಗೆ ಸಾಲಿನಲ್ಲಿ ಕೂಡ್ರಿಸಿದರೆ, ಅವರು ಕೊಡುವ ತಾಳಿ-ಸೀರೆಯ ದಾನಕ್ಕಿಂತ ಅದು ದೊಡ್ಡ ದಾನವಾದೀತು.

ಹಾಗಾದರೆ ವಿದ್ಯಾರ್ಥಿಗಳಾದ ನಾವು ಮಾಡುವುದೇನು? ನನ್ನ ಸೂಚನೆ ಬಹು ಸಣ್ಣದು. ರೊಕ್ಕದ ಖರ್ಚೂ ಇಲ್ಲ. ಈ ವರ್ಷದ ಸ್ನೇಹಸಮ್ಮೇಲನಕ್ಕೆ ಮೊದಲು ನಮ್ಮ ಕಾಲೇಜಿನ ಎಲ್ಲ ವಿದ್ಯಾರ್ಥಿ-ವಿದ್ಯಾರ್ಥಿನಿಯರಿಗೂ ಒಂದೊಂದು ಚೀಟಿ ಕೊಡೋಣ. ಹೆಸರು ಬರೆಯಬಾರದು, ಹಾಜರಿ ಸಂಖ್ಯೆ ಬರೆಯಬಾರದು. ಚೀಟಿಯಲ್ಲಿ ಎರಡೇ ಪ್ರಶ್ನೆ. ಒಂದು: ನಿಮ್ಮ ಲಗ್ನದಲ್ಲಿ ವರೋಪಚಾರ ಕೊಡುವುದು-ಕೊಳ್ಳುವುದು ನಿಮಗೆ ಬೇಕೋ ಬೇಡವೋ? ಎರಡು: ನಿಮ್ಮ ವರ್ಗದಲ್ಲಿ ನೂರಕ್ಕೆ ಎಷ್ಟು ಜನ ಬೇಡವೆಂದಾರು? ಉತ್ತರಗಳನ್ನು ಎಣಿಸಿ, ಎರಡು ಅಂಕೆಗಳನ್ನು ಅಕ್ಕಪಕ್ಕದಲ್ಲಿ ದಪ್ಪಕ್ಷರದಲ್ಲಿ ಬರೆದು ಸೂಚನಾಫಲಕದ ಮೇಲೆ ಹಚ್ಚಬೇಕು. ಸಮ್ಮೇಲನಕ್ಕೆ ಪಾಲಕರು ಬರುತ್ತಾರೆ, ಅವರೂ ಓದಲಿ. ಮುಂದಿನ ವರ್ಷ ಖೋಲಿ ಬಾಡಿಗೆಯ ಮಾತನ್ನು ಕೇಳಬಹುದು. ಅದನ್ನು ಓಣಿಯ ಯಜಮಾನರಿಗೂ ಒಯ್ಯಬಹುದು.

ಇದನ್ನು ಕೆಲವು ಗೆಳೆಯರ ಮುಂದೆ ಹೇಳಿದಾಗ ಎರಡು ಆಕ್ಷೇಪಗಳು ಬಂದುವು. ಚೀಟಿಯಲ್ಲಿ ಬೇಡವೆಂದು ಬರೆದವನು ಲಗ್ನದ ದಿನ ಬೇಕೆಂದಾನು ಎಂಬುದು ಮೊದಲನೆಯದು. ಅನ್ನಬಹುದು. ಆದರೂ ಅವನು ಆ ದಿನ ಮಂದಿಯ ಹೆಸರು ಹೇಳಿ ಜಾರಿಕೊಳ್ಳಲಾರ. ಮಂದಿಯ ಲೆಕ್ಕ ಫಲಕದ ಮೇಲಿರುತ್ತದೆ. ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಎಣಿಸಿ ನೋಡಿದಾಗ ಹೆಚ್ಚಿನವರು ಬೇಕೆಂದೇ ಬರೆದಿದ್ದರೆ? ನಾವು ಭ್ರಮೆಯೆಂದು ತಿಳಿದದ್ದು ಭ್ರಮೆಯಲ್ಲವೆಂದು ಗೊತ್ತಾದರೆ? ಆಗ ಆ ಅಂಕೆಯನ್ನು ಫಲಕದ ಮೇಲೆ ಹಚ್ಚಿದರೆ ರೂಢಿಗೆ ನಾವೇ ಗೊಬ್ಬರ ಹಾಕಿದಂತಾಗದೆ? ಈ ಆಕ್ಷೇಪ ತಂದವಳು ಅರ್ಥಶಾಸ್ತ್ರದ ಸಹಾಧ್ಯಾಯಿನಿ. ಅವಳ ಸೂಚನೆಯನ್ನೂ ಇಲ್ಲಿ ಸೇರಿಸುತ್ತೇನೆ: ಹುಡುಗರ ಚೀಟಿ, ಹುಡುಗಿಯರ ಚೀಟಿ ಬೇರೆ ಬೇರೆ ಬಣ್ಣದವಾಗಿರಬೇಕು, ಬೇರೆ ಬೇರೆ ಎಣಿಸಬೇಕು, ಏನೇ ಬಂದರೂ ಮುಚ್ಚಿಡದೆ ಹಚ್ಚಬೇಕು. ಹೆಚ್ಚಿನ ಹುಡುಗರು ಬೇಕೆಂದಿದ್ದರೆ ಅದನ್ನು ಹುಡುಗಿಯರು ಈಗಲೇ ತಿಳಿದುಕೊಳ್ಳುವುದು ಒಳಿತೆಂದು ಅವಳ ವಾದ. ನಾನು ಇದಕ್ಕೆ ಒಪ್ಪಿದ್ದೇನೆ.

ವಿದ್ಯಾರ್ಥಿಸಂಘದ ಕೋಣೆಯಲ್ಲಿ ಹಳೆಯ ಮತಪೆಟ್ಟಿಗೆಯೊಂದು ಧೂಳು ತಿನ್ನುತ್ತ ಬಿದ್ದಿದೆ; ಅದರ ಕೀಲಿಕೈ ಗ್ರಂಥಪಾಲಕರ ಹತ್ತಿರ ಇದೆಯೆಂದು ವಿಚಾರಿಸಿಕೊಂಡಿದ್ದೇನೆ. ಎಣಿಸುವ ಕೆಲಸಕ್ಕೆ ಪ್ರತಿ ವರ್ಗದಿಂದ ಇಬ್ಬರು, ಅವರೊಡನೆ ಒಬ್ಬರು ಗುರುಗಳು ಬೇಕು. ಬರುವವರು ಸಂಪಾದಕ ಮಂಡಳದ ವಿದ್ಯಾರ್ಥಿ ಪ್ರತಿನಿಧಿಗಳಲ್ಲಿ ಹೆಸರು ಕೊಡಬಹುದು.